ಹರಕೆಯಲ್ಲ ಸ್ವಾಮಿ, ಆಟ

ಕಳೆದ ವಾರ ಚಾಮರಾಜನಗರದಿಂದ ತಾಳವಾಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಅವ್ವನ ವಯಸ್ಸಿನ ಹೆಂಗಸೊಬ್ಬರು ಎದ್ದು ನಿಂತು ನನಗೆ ಸೀಟು ಬಿಟ್ಟುಕೊಟ್ಟರು.

ನನಗೆ. ಮೂವತ್ತು ದಾಟಿ ಇನ್ನೂ ಹೆಚ್ಚು ದಿನವಾಗದ, ಕೈಕಾಲು ನೆಟ್ಟಗಿರುವ ಗಂಡಸಿಗೆ.

"ಕೂತ್ಕೊಳಿ ಬುದ್ದಿ. ನೀವು ಪಣಕಳ್ಳಿಯೋರಲ್ವಾ? ಮಾದಪ್ಪನಿಗೆ ಅರಕೆ ಒತ್ಕಂಡು, ಅರ್ಧ ಕುಂತ್ಕಂಡು, ಅಡ್ಡಡ್ಡಕೆ ದಿಣ್ಣೆ ಅತ್ತಿದ್ದೋರು?"

"ಅದು ಹರಕೆಯಲ್ಲಮ್ಮ, ಆಟ," ಎಂದೆ.

ಆಕೆ ನಕ್ಕರು. ವಿನಯವಂತರ ಕಡೆ ನೋಡಿ ನಗುತ್ತೇವಲ್ಲ, ಆ ನಗು. "ದೊಡ್ಡೋರು ಯಾರೂ ಬಾಯ್ಬುಟ್ಟು ಏಳ್ಕೊಳಲ್ಲ ಬುಡಿ" ಎಂದರು. ಇನ್ನೇನು ಮಾಡಲಿ? ಕೂತೆ. (ಕೂರದಿದ್ದರೆ ಕಾಲಿಗೆ ಬೀಳುವ ಅಂದಾಜಿನಲ್ಲಿದ್ದರು.)

ಬಸ್ಸಿನಲ್ಲಿ ಹೇಳಿದ್ದಾಯಿತು, ಸಂತೆಯಲ್ಲಿ ಹೇಳಿದ್ದಾಯಿತು, ಮದುವೆ ಮನೆಗಳಲ್ಲಿ ಊಟದ ಎಲೆಯ ಮುಂದೆ ಕೂತು ಹೇಳಿದ್ದಾಯಿತು. ಯಾರೂ ನಂಬುತ್ತಿಲ್ಲ. ಆದ್ದರಿಂದ ಈ ವಾರ ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಪೇಪರಿನಲ್ಲಿ ಬಂದದ್ದನ್ನು ನಮ್ಮ ಜನ ಸ್ವಲ್ಪ ನಂಬುತ್ತಾರೆ.

ನಾನು ಸೈನ್ಯದಲ್ಲಿದ್ದವನು ಎಂದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಲಡಾಖಿನ ಚಳಿಯ ಬಗ್ಗೆ ಬರೆದು ಬರೆದು ನಿಮಗೂ ನೆಗಡಿ ತರಿಸಿದ್ದೇನೆ. ಆದರೆ ಒಂದು ವಿಷಯ ಬರೆದಿರಲಿಲ್ಲ. ಅಲ್ಲಿ ನಾನು ಐಸ್ ಹಾಕಿ ಆಡುತ್ತಿದ್ದೆ. ನಾನು ಗೋಲಿ. ಅಂದರೆ ಗೋಲ್ ಕೀಪರ್.

ನಾಲ್ಕೈದು ವರ್ಷದ ಹಿಂದಿನ ಮಾತು, ಎಪ್ಪತ್ತರ ದಶಕದ ಕೊನೆ. ನಮ್ಮ ಕ್ಯಾಂಪಿನ ಪಕ್ಕ ಒಂದು ಕೆರೆ. ಚಳಿಗಾಲದಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತಿತ್ತು. ಹಳೇ ಬೂಟಿನ ತಳಕ್ಕೆ ಕಬ್ಬಿಣದ ಪಟ್ಟಿ ಹೊಡೆಸಿದರೆ ಅದೇ ಸ್ಕೇಟು. ಲಾರಿ ಟೈರಿನಿಂದ ಬಿಲ್ಲೆ ಕತ್ತರಿಸಿದರೆ ಅದೇ ಚೆಂಡು. (ಅದಕ್ಕೆ ಪಕ್ ಎನ್ನುತ್ತಾರೆ.) ನನ್ನ ಕಾಲಿನ ಪ್ಯಾಡುಗಳು ಹರಿದ ರಜಾಯಿಯಿಂದ ಹೊಲಿದವು. ತಲೆಗೆ? ತಲೆಗೆ ದೇವರೇ ಗತಿ.

ಗೋಲಿ ಅಂದರೆ ಸುಮ್ಮನೆ ನಿಂತಿರುವವನು, ಅವನಿಗೇಕೆ ದಮ್ಮು, ಎಂದುಕೊಂಡಿರಾ? ಒಂದು ಕೆಲಸ ಮಾಡಿ. ಪತ್ರಿಕೆ ಹಿಡಿದುಕೊಂಡೇ ಎದ್ದು ನಿಲ್ಲಿ. ಮಂಡಿ ಅರ್ಧ ಬಗ್ಗಿಸಿ. ಹಾಗೇ ಈ ಅಂಕಣ ಓದಿ ಮುಗಿಸಿ.

ಆಗಲಿಲ್ಲ ಅಲ್ಲವೇ? ಇನ್ನು ಆ ಭಂಗಿಯಲ್ಲೇ ಎರಡು ಕಾಲಿಗೂ ಹಾಸಿಗೆ ಕಟ್ಟಿಕೊಳ್ಳಿ. ಒಂದು ಕಾಲಿನಿಂದ ನೂಕಿ ಗೋಲಿನ ಈ ಕಂಬದಿಂದ ಆ ಕಂಬಕ್ಕೆ ಜಾರಿ. ಗಕ್ಕನೆ ನಿಲ್ಲಿ. ಮಂಡಿಯೂರಿ ಬೀಳಿ, ಎದ್ದು ವಾಪಸ್ ಜಾರಿ. ಆ ಎತ್ತರದಲ್ಲಿ ಉಸಿರು ಎಳೆದರೆ ಎದೆಗೆ ಅರ್ಧವೇ ಇಳಿಯುವ ಗಾಳಿ. ತೊಡೆಯೊಳಗೆ ಕೆಂಡ ಇಟ್ಟಂತಾಗುತ್ತದೆ.

ಆ ವರ್ಷದ ದೊಡ್ಡ ಪಂದ್ಯದ ಕೊನೆಯ ಹೊತ್ತಿನಲ್ಲಿ ನನ್ನ ತೊಡೆಗಳು ಕೈಕೊಟ್ಟವು. ಒಂದೇ ಒಂದು ಕ್ಷಣ ನೆಟ್ಟಗೆ ನಿಂತುಬಿಟ್ಟೆ. ಪಕ್ ನನ್ನ ಎರಡು ಕಾಲಿನ ನಡುವೆ ಹಾದು ಒಳಗೆ ಹೋಯಿತು. ಸೋತೆವು.

ನಮ್ಮ ತಂಡದ ನಾಯಕ ಒಬ್ಬ ಹವಾಲ್ದಾರ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ನ ಕಣ್ಣು ಚೆನ್ನಾಗಿದೆ, ಕಾಲು ಬೇಗ ಮುಗಿದುಹೋಗುತ್ತದೆ. ಮುಂದಿನ ಚಳಿಗಾಲದ ಪಂದ್ಯಕ್ಕೆ ಮೊದಲು ರಜೆಗೆ ಹೋಗುತ್ತೀಯಲ್ಲ? ಬರುವಾಗ ಕಾಲು ತಗೊಂಡು ಬಾ. ಇಲ್ಲದಿದ್ದರೆ ಗೋಲಿನಲ್ಲಿ ಆ ಕಾಂಗ್ಡಾದವನು ನಿಲ್ಲುತ್ತಾನೆ," ಎಂದ.

ಕಾಂಗ್ಡಾದವನು, ಹಿಮಾಚಲದ ಕಡೆಯ ನಮ್ಮ ಇನ್ನೊಬ್ಬ ಗೋಲಿ, ಒಳ್ಳೆಯವನೇ. ಆದರೂ ಆ ಜಾಗ ನನ್ನದು. ಇಡೀ ಕ್ಯಾಂಪಿನಲ್ಲಿ ನಾನು ಯಾರ ಆರ್ಡರೂ ಇಲ್ಲದೆ, ನನಗೇ ಬೇಕು ಅನ್ನಿಸಿ ನಿಲ್ಲುತ್ತಿದ್ದ ಜಾಗ ಅದೊಂದೇ. ಅದನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ರಜೆಗೆ ಊರಿಗೆ ಬಂದೆ. ರಾಗಿ ಕೊಯ್ಲಿನ ಕಾಲ. ಊಟಕ್ಕೆ ಕೂತಾಗ ಅವ್ವನಿಗೆ ವಿಷಯ ಹೇಳಿದೆ.

"ನೀರು ಕಲ್ಲಾಯ್ತದಾ?" ಎಂದಳು.

"ಆಯ್ತದವ್ವ."

"ಅದ್ರ ಮ್ಯಾಲ ಓಡಾಡೀರಾ?"

"ಜಾರ್ತೀವಿ. ಕಾಲಿಗ ಕಬ್ಬುಣದ ಅಲಗು ಕಟ್ಕಂಡು."

"ಅಲಗು ಅಂದ್ರ ಯಾನ್ಲಾ? ಚಾಕುವಾ?"

"ಅಂಗೇ ಅನ್ಕೊ."

ಅವ್ವ ಮುದ್ದೆ ಇಕ್ಕುವುದನ್ನು ನಿಲ್ಲಿಸಿ ನನ್ನ ಪಾದ ನೋಡಿದಳು. ಬೆರಳು ಎಲ್ಲಾ ಇವೆಯೇ ಎಂದು ಎಣಿಸುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆ ಆಟದಿಂದ ಬಡ್ತಿ ಸಿಕ್ಕದಾ?" ಇಲ್ಲ ಎಂದೆ. "ಅಂಗಾರ ಯಾಕ್ಲಾ?" ಎಂದು ಕೈ ತೊಳೆದು ಎದ್ದುಹೋದ.

ಯಾಕೆ ಅಂದರೆ ಏನು ಹೇಳುವುದು? ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಲದಲ್ಲಿ ರಾಗಿ ಕೊಯ್ದೆ. ಮಗ ಮೈಗಳ್ಳ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಉಳಿದ ಹೊತ್ತು ನನ್ನದು.

ಮೊದಲು ಓಟ ಶುರುಮಾಡಿದೆ. ತಾಳವಾಡಿ ರಸ್ತೆಯಲ್ಲಿ ಸಂಜೆ ಓಡುತ್ತಿದ್ದರೆ ಹಿಂದಿನಿಂದ ಬಂದ ಬಸ್ಸು ನಿಂತಿತು. "ಏರುಪ್ಪಾ, ಏರು," ಎಂದ ಕಂಡಕ್ಟರ್ ತಮಿಳಿನಲ್ಲಿ. (ನಮ್ಮ ಸೀಮೆ ತಮಿಳುನಾಡಿಗೆ ಸೇರಿದ್ದು.) ಬೇಡ ಎಂದೆ. ನಮ್ಮ ಕಡೆ ಮನುಷ್ಯ ರಸ್ತೆಯಲ್ಲಿ ಓಡುತ್ತಿದ್ದರೆ ಒಂದೋ ಬಸ್ಸು ತಪ್ಪಿದೆ, ಇಲ್ಲಾ ಆನೆ ಬಂದಿದೆ. ಮೂರನೆಯ ಕಾರಣ ಯಾರಿಗೂ ಗೊತ್ತಿಲ್ಲ. ಮಾರನೆಯ ದಿನವೂ ಅದೇ ಬಸ್ಸು ನಿಂತಿತು, ಅದರ ಮರುದಿನವೂ. ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ ನನ್ನನ್ನು ಕರೆಯತೊಡಗಿದರು.

"ಆಸನೂರ ಕಡೆ ಓಡ್ಲಾ," ಎಂದ ಅಪ್ಪ. "ಕಾಡೊಳಗ ಆನೆ ಅಟ್ಟುಸ್ಕಂಡು ಬಂದ್ರ ಇನ್ನೂ ವಸಿ ಜೋರಾಗಿ ಓಡ್ತೀಯ."

ಅಪ್ಪನ ಕುಹಕ ಬಿಡಿ, ನನಗೇ ತಿಳಿದಿತ್ತು, ಓಟದಿಂದ ಗೋಲಿಯ ಕಾಲು ಬರುವುದಿಲ್ಲ. ಗೋಲಿ ಮುಂದಕ್ಕೆ ಎಲ್ಲಿ ಹೋಗುತ್ತಾನೆ? ಅವನ ಪ್ರಪಂಚವೆಲ್ಲ ಅಡ್ಡಡ್ಡ. ಆದ್ದರಿಂದ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅವ್ವ ಹಾಲು ಕರೆಯಲು ಕೂತಾಗ ನಾನೂ ಪಕ್ಕದಲ್ಲಿ ಮಂಡಿ ಬಗ್ಗಿಸಿ ನಿಂತೆ. ಅವಳು ಹಸು ಕರೆದು ಏಳುವ ತನಕ ನಾನು ನೆಟ್ಟಗಾಗಕೂಡದು. ಮೊದಲ ದಿನ ಚೆಂಬು ಅರ್ಧ ತುಂಬುವುದರೊಳಗೆ ಗೋಡೆ ಹಿಡಿದುಕೊಂಡೆ.

"ಕುಂತ್ಕೊಳದಾದ್ರ ಪೂರ್ತಿ ಕುಂತ್ಕೊ, ನಿಂತ್ಕೊಳದಾದ್ರ ನಿಂತ್ಕೊ. ಇದ್ಯಾನ್ಲಾ ಮಧ್ಯದಲ್ಲಿ?" ಎಂದಳು ಅವ್ವ.

ಸಂಜೆ ಹೊಲದ ಹಿಂದೆ, ಬಸ್ಸಿನ ರಸ್ತೆಗೆ ಕಾಣುವ ದಿಣ್ಣೆ. ಗೋಣಿಚೀಲಕ್ಕೆ ಹುಲ್ಲು ತುಂಬಿ ಎರಡು ಕಾಲಿಗೂ ಕಟ್ಟಿಕೊಂಡು, ಅರ್ಧ ಕೂತು, ಏಡಿಯ ಹಾಗೆ ಅಡ್ಡಡ್ಡಕ್ಕೆ ದಿಣ್ಣೆ ಹತ್ತುವುದು. ಮೇಲೆ ಹೋಗಿ ಮಂಡಿಯೂರಿ ಏಳುವುದು. ಇಳಿಯುವುದು. ಮತ್ತೆ ಹತ್ತುವುದು.

ಮೊದಲು ಜನ ನಕ್ಕರು. ನಗಲಿ, ನನಗೇನು? ಆದರೆ ಒಂದು ವಾರ ಕಳೆಯುವಷ್ಟರಲ್ಲಿ ನಗು ನಿಂತುಹೋಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ಸಂಜೆ ದಿಣ್ಣೆಯ ತುದಿಯಲ್ಲಿ ಮಂಡಿಯೂರಿ ಏಳುತ್ತಿದ್ದೇನೆ, ಪಕ್ಕದ ಬೀದಿಯ ಇಬ್ಬರು ಹೆಂಗಸರು ಬಿಂದಿಗೆ ಹಿಡಿದುಕೊಂಡು ಬಂದು ಸದ್ದಿಲ್ಲದೆ ನನ್ನ ಕಾಲಿಗೆ ನೀರು ಹೊಯ್ದರು. ಹೊಯ್ದು ಕೈಮುಗಿದರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಹರಕೆಯವರ ಕಾಲಿಗೆ ಹೊಯ್ಯುತ್ತಾರಲ್ಲ, ಹಾಗೆ. ಬಿಸಿಯೇರಿದ್ದ ಕಾಲಿಗೆ ತಣ್ಣೀರು ಬಿದ್ದು ಮೀನಖಂಡ ಗಂಟು ಹಾಕಿಕೊಂಡಿತು. ನಾನು ನೋವಿಗೆ ಕಣ್ಣು ಮುಚ್ಚಿ ಹಲ್ಲು ಕಚ್ಚಿದರೆ, "ಮೈಮ್ಯಾಲ ಬಂದದೆ ಕಣಕ್ಕ," ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದಳು.

ಹೀಗೆ ನಾನು ಹರಕೆಯವನಾದೆ. ಲಡಾಖಿನಲ್ಲಿ ಹಿಮ ಕುಸಿದು ಹೂತುಹೋಗಿದ್ದೆನಂತೆ. ಮಾದಪ್ಪ ಕೈಹಿಡಿದು ಎತ್ತಿದನಂತೆ. ಅದಕ್ಕೇ ಈ ಸೇವೆಯಂತೆ. ದಿಣ್ಣೆಯ ಬುಡದಲ್ಲಿ ತೆಂಗಿನಕಾಯಿ, ವಿಭೂತಿ ಕಾಣಿಸಿಕೊಂಡವು. ಬಸ್ಸು ನನ್ನನ್ನು ಹತ್ತು ಅನ್ನುವುದು ಬಿಟ್ಟು, ನಿಧಾನ ಮಾಡಿ, ಹಾರ್ನ್ ಹೊಡೆಯದೆ ದಾಟಿ ಹೋಗುತ್ತಿತ್ತು.

ಅವ್ವ ಮಾತು ಬಿಟ್ಟಳು. ಮಗ ತನಗೆ ತಿಳಿಸದೆ ಹರಕೆ ಹೊತ್ತ ಎಂಬ ದುಃಖ ಅವಳಿಗೆ. ಇಲ್ಲವ್ವ, ಆಟ ಕಣವ್ವ, ಎಂದರೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಂಗೂ ಮುಚ್ಚಿಟ್ಟಿಯಾ ಮಗ?" ಎನ್ನುವಳು.

ಇದರ ನಡುವೆ ನನಗೊಂದು ತುರ್ತು ಇತ್ತು. ದಿಣ್ಣೆ ಹತ್ತಿ ತೊಡೆಗೆ ಬಲ ಬಂತು, ಸರಿ. ಆದರೆ ನೂಕಿ ಜಾರುವ ಅಭ್ಯಾಸಕ್ಕೆ ಗಟ್ಟಿಯಾದ, ನುಣುಪಾದ ನೆಲ ಬೇಕು. ಉಣ್ಣೆ ಕಾಲುಚೀಲ ಹಾಕಿಕೊಂಡು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಜಾರಬೇಕು. ರಜೆ ಅರ್ಧ ಕಳೆದಿತ್ತು. ಇಡೀ ಪಣಕಹಳ್ಳಿಯಲ್ಲಿ ಅಂಥ ನೆಲ ಯಾವುದು ಹೇಳಿ?

ಕಣ. ರಾಗಿ ಬಡಿಯುವುದಕ್ಕೆ ಅಪ್ಪ ಆಗ ತಾನೇ ಮಾಡಿ ಮುಗಿಸಿದ್ದ ಕಣ. ನೀರು ಹೊಯ್ದು, ತುಳಿದು, ಬಡಿದು, ಸಗಣಿ ಸಾರಿಸಿ, ಒಣಗಿ, ಅಂಗೈಯಂತೆ ನುಣುಪಾಗಿತ್ತು. ಬಡಿಯುವುದು ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ಖಾಲಿ. ಕೇಳಿದೆ.

"ಕಣದಲ್ಲಿ ಆಟ ಆಡಾರಾ?" ಎಂದ ಅಪ್ಪ. ಚಪ್ಪಲಿ ಕಾಲಿನಲ್ಲಿ ಯಾರೂ ಮೆಟ್ಟದ ಜಾಗ ಅದು, ಆ ಮಾತು ನಾನೂ ಒಪ್ಪುತ್ತೇನೆ. ಅಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅರಕೆ ಅಂದ್ರ ತಕ, ಎಷ್ಟ್ ದಿನ ಬೇಕಾದ್ರೂ ತಕ. ಆಟ ಅಂದ್ರ ಕಾಲಿಕ್ಕಬ್ಯಾಡ."

ಅಂದು ಸಂಜೆಯೇ ಊರಿನ ಯಜಮಾನ ಮಲ್ಲಪ್ಪನವರು ನಮ್ಮ ಜಗಲಿಗೆ ಬಂದರು. ಹಿರಿಯರು, ಜಗಳ ಬಗೆಹರಿಸುವವರು, ಮಾತು ಮೆತ್ತಗೆ. ನನ್ನ ಬೆನ್ನು ಸವರಿ ಹೇಳಿದರು: "ಒಂದ್ ಮಾತು ಕಣ್ಲಾ. ಅರಕೆ ಅನ್ನು, ಸಾಕು. ನಿಮ್ಮಪ್ಪ ಕಣ ಬುಟ್ಕೊಟ್ಟಾನು, ನಿಮ್ಮವ್ವ ಅಳದ್ನ ನಿಲ್ಸಾಳು, ಊರೋರು ಕೈಮುಗ್ದಾರು. ನಿಂಗ ಏನ್ಲಾ ಕಳ್ಕಂಡಂಗಾಯ್ತದೆ?"

ಓದುಗರೇ, ಎಷ್ಟು ಸುಲಭ ನೋಡಿ. ಒಂದೇ ಶಬ್ದ. ಮಾದಪ್ಪನ ಮೇಲೆ ನನಗೂ ಭಕ್ತಿ ಉಂಟು, ಅವನೇನು ನನ್ನ ಮೇಲೆ ಕೇಸು ಹಾಕುತ್ತಿರಲಿಲ್ಲ. ಹೂಂ ಅನ್ನಲು ಬಾಯಿ ಕೂಡ ತೆರೆದೆ.

ಆಗ ಒಳಗಿನಿಂದ ಸಿಟ್ಟು ಬಂತು. ಯಾರ ಮೇಲೆ? ಗೊತ್ತಿಲ್ಲ. ದೇವರಿಗೆ ಅಂದರೆ ಬೆವರಬಹುದು. ಹೊಲಕ್ಕೆ ಅಂದರೆ ಬೆವರಬಹುದು. ಸರ್ಕಾರಕ್ಕೆ ಅಂದರೆ ಸಾಯಲೂಬಹುದು. ನನಗೆ ಇಷ್ಟ, ಅದಕ್ಕೇ ಬೆವರುತ್ತೇನೆ ಅಂದರೆ ಮಾತ್ರ ಕಾಲಿಡಲು ಜಾಗವಿಲ್ಲ. ಇದ್ಯಾವ ನ್ಯಾಯ ಸ್ವಾಮಿ?

"ಅರಕೆ ಅಲ್ಲ ಯಜಮಾನ್ರೆ. ಆಟ," ಎಂದೆ. ಬೀದಿಗೆಲ್ಲ ಕೇಳುವಷ್ಟು ಜೋರಾಗಿಯೇ ಎಂದೆ.

ಮಾರನೆಯ ದಿನ ದಿಣ್ಣೆಯ ಬುಡದಲ್ಲಿ ಒಂದು ಕಾಯಿಯೂ ಇರಲಿಲ್ಲ. ಇಟ್ಟವರು ಬಂದು ಎತ್ತಿಕೊಂಡು ಹೋಗಿದ್ದರು. ನೀರು ಹೊಯ್ದಿದ್ದ ಹೆಂಗಸರಲ್ಲಿ ಒಬ್ಬಳು ನಮ್ಮ ಬಾಗಿಲಿಗೇ ಬಂದು, "ಆಟ ಅಂತ ಮೊದಲೇ ಏಳಿದ್ರ ಎರಡು ಬಿಂದಿಗೆ ನೀರು ಉಳೀತಿತ್ತಲ್ಲಪ್ಪ," ಎಂದು ಕೇಳಿ ಹೋದಳು. (ಮೊದಲಿನಿಂದ ಹೇಳುತ್ತಿದ್ದದ್ದು ಇನ್ನೇನು ತಾಯಿ?) ನಗುವವರು ಮತ್ತೆ ನಗತೊಡಗಿದರು. ಬಸ್ಸು ಮತ್ತೆ ಹಾರ್ನ್ ಹೊಡೆಯಿತು.

ಹೊಡೆಯಲಿ. ನಾನು ಗುದ್ದಲಿ ಎತ್ತಿಕೊಂಡೆ. ಹೊಲದ ಮೂಲೆಯಲ್ಲಿ, ಏನೂ ಬೆಳೆಯದ ಒಂದು ಕಲ್ಲುಜಾಗ. ಅಪ್ಪನ ಕಣ ಅಪ್ಪನಿಗಿರಲಿ, ನನ್ನ ಕಣ ನಾನೇ ಮಾಡಿಕೊಳ್ಳುತ್ತೇನೆ. ಕಲ್ಲು ಆಯ್ದೆ, ಕೆರೆಯ ಮಣ್ಣು ಹೊತ್ತೆ, ನೀರು ಹೊಯ್ದು ತುಳಿದೆ. ತುಳಿಯುವಾಗಲೂ ಮಂಡಿ ಬಗ್ಗಿಸಿ, ಅಡ್ಡಡ್ಡಕ್ಕೇ ತುಳಿದೆ. ಮರದ ಕೊರಡಿನಿಂದ ಬಡಿದೆ. ಮೈಕೈಯೆಲ್ಲ ಮಣ್ಣು, ತೊಡೆಯೆಲ್ಲ ನೋವು. ಅಷ್ಟು ಸುಖ ಆ ರಜೆಯಲ್ಲಿ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಸಾರಿಸುವ ದಿನ ಸಗಣಿ ಬೇಕಾಯಿತು. ಕೊಟ್ಟಿಗೆಗೆ ಹೋದರೆ ಅವ್ವ ಸಗಣಿ ತುಂಬಿದ ಮಂಕರಿಗೆ ಅಡ್ಡ ನಿಂತಿದ್ದಳು.

"ಅರಕೆ ಅಲ್ಲ ಅಂತೀಯ. ಸಂಬಳ ಇಲ್ಲ ಅಂತೀಯ. ಆ ಆಟದಲ್ಲಿ ನೀ ಮಾಡದಾದ್ರೂ ಯಾನ್ಲಾ?"

"ಕಾಯ್ತೀನವ್ವ. ನಾಕಾರು ಜನ ನುಗ್ಗಿ ಬತ್ತಾರೆ. ಒಳಕ್ಕೆ ಬುಡಬಾರದು. ಅಷ್ಟೇ."

ಪ್ರತಿ ವರ್ಷ ರಾಗಿ ತೆನೆ ಬಲಿಯುವ ಕಾಲದಲ್ಲಿ ಕಾಡುಹಂದಿ ನುಗ್ಗದಂತೆ ಅಟ್ಟಣೆ ಹತ್ತಿ ಹೊಲ ಕಾದವಳು ಅವ್ವ.

"ಅಂದಿ ಕಾದಂಗಾ?"

"ಅಂಗೇ ಕಣವ್ವ. ಅಂದಿ ಕಾದಂಗೇ."

"ಕಾಯೋನು ಕಾಲು ಸೋತು ಕುಂತ್ರ ಒಲದ ಪೈರೆಲ್ಲ ಓಯ್ತದೆ."

"ಓದ್ ವರ್ಸ ಅಂಗೇ ಓಯ್ತು."

ಅವಳು ಮಂಕರಿ ಎತ್ತಿ ಸೊಂಟಕ್ಕಿಟ್ಟುಕೊಂಡು ನನಗಿಂತ ಮುಂದೆ ನಡೆದಳು. ಸಾರಿಸಿದ್ದು ಅವಳೇ. ನನಗೆ ಸಾರಿಸಲು ಬಿಡಲಿಲ್ಲ, ನನ್ನ ಕೈಗೆ ನುಣುಪು ಬರುವುದಿಲ್ಲವಂತೆ. ಅವಳ ಬೆನ್ನು ನೋಡುತ್ತಾ ನಿಂತಿದ್ದ ನನಗೆ ಅಳು ಬಂತು. ಬರಲಿ ಬಿಡಿ, ಅದನ್ನೂ ಬರೆದಿದ್ದೇನೆ.

ಕಣ ಒಣಗಿತು. ಉಣ್ಣೆ ಕಾಲುಚೀಲ ಹಾಕಿಕೊಂಡು ನೂಕಿದೆ. ಸುರ್ರನೆ ಜಾರಿತು. ನೂಕು, ಜಾರು, ನಿಲ್ಲು, ಮಂಡಿಯೂರು, ಏಳು. ಗಂಟಲು ಒಣಗುವ ತನಕ.

ಆಗ ಊರಿನಲ್ಲಿ ಎರಡನೆಯ ಸುದ್ದಿ ಹಬ್ಬಿತು. ಇದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಮನೆಗೆ ಒಂದು ಕಣ. ಅಪ್ಪನದೊಂದು ಮಗನದೊಂದು ಆಯಿತೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಭಾಗವಾಗಿದೆ. ಒಲೆ ಒಂದೇ ಇದ್ದರೂ ಮನೆ ಎರಡಾಗಿದೆ. "ಮಗ ಭಾಗ ತಕ್ಕಂಡನಂತೆ" ಎಂಬ ಮಾತು ಟೀ ಅಂಗಡಿಯಿಂದ ಹೊರಟು ತಾಳವಾಡಿ ಸಂತೆಗೂ ಹೋಗಿ ವಾಪಸ್ ಬಂತು. ನೆಂಟರೊಬ್ಬರು ಬಸ್ಸಿಳಿದು ನೇರ ನಮ್ಮ ಮನೆಗೆ ಬಂದು, ಯಾವ ಹೊಲ ಯಾರಿಗೆ ಎಂದು ಅಪ್ಪನನ್ನೇ ಕೇಳಿದರು.

ಅಪ್ಪನ ಮುಖ ಕಪ್ಪಿಟ್ಟಿತು. ಸರಸರನೆ ನನ್ನ ಕಣಕ್ಕೆ ಬಂದ. ನಾನು ಜಾರುವುದನ್ನು ನಿಲ್ಲಿಸಲಿಲ್ಲ. ಕಿತ್ತುಹಾಕು ಎಂದರೆ ಏನು ಮಾಡಬೇಕೆಂದು ಯೋಚಿಸುತ್ತಲೇ ಜಾರುತ್ತಿದ್ದೆ. ಅಪ್ಪ ಎಕ್ಕಡ ಬಿಟ್ಟು ಒಳಗೆ ಬಂದ. ಹಿಮ್ಮಡಿಯಿಂದ ನೆಲ ಒತ್ತಿ ಒತ್ತಿ ನೋಡಿದ.

"ಆ ಮೂಲೇಲಿ ತಗ್ಗು ಬುಟ್ಟಿದ್ದೀಯ," ಎಂದ. ಹೋದ.

ಆಮೇಲೆ ತಿಳಿಯಿತು. ಅಪ್ಪ ಅಲ್ಲಿಂದ ನೇರ ಟೀ ಅಂಗಡಿಗೆ ಹೋಗಿ, ಇದ್ದವರೆಲ್ಲರ ಮುಂದೆ ನಿಂತು ಹೇಳಿದನಂತೆ: "ಭಾಗ ಅಲ್ಲ ಕಣ್ರಲಾ. ನನ್ ಮಗ ಆಟಕ್ಕ ಮಾಡ್ಕಂಡವನೆ. ಆಟ. ತಿಳೀತಾ?"

ನಾನು ಸಾವಿರ ಸಲ ಹೇಳಿದರೂ ಯಾರೂ ನಂಬದ ಮಾತನ್ನು ಅಪ್ಪನ ಮರ್ಯಾದೆ ಒಂದೇ ಏಟಿಗೆ ಊರಿಗೆ ನಂಬಿಸಿತು. (ಊರಿಗೆ ಮಾತ್ರ. ಊರಾಚೆ ಹರಕೆಯ ಸುದ್ದಿಯೇ ಓಡಾಡುತ್ತಿದೆ.) ಆ ವರ್ಷ ನಮ್ಮ ಹುರುಳಿ ಬಡಿದದ್ದು ನನ್ನ ಕಣದಲ್ಲೇ. ತಗ್ಗು ಮಾತ್ರ ಅಪ್ಪನೇ ಮುಚ್ಚಿದ.

ರಜೆ ಮುಗಿಯುವ ಹೊತ್ತಿಗೆ ಅವ್ವ ಎರಡೂ ಹಸು ಕರೆದು, ಹಾಲು ಸೋಸಿ, ಕೊಟ್ಟಿಗೆ ಗುಡಿಸಿ ಮುಗಿಸುವ ತನಕ ನಾನು ಅರ್ಧ ಕೂತೇ ಇರುತ್ತಿದ್ದೆ. ಅವಳೇ ಬೇಸರಪಟ್ಟು, "ಏಳ್ಲಾ ಸಾಕು," ಎನ್ನುತ್ತಿದ್ದಳು.

ಕ್ಯಾಂಪಿಗೆ ಮರಳಿದೆ. ಹವಾಲ್ದಾರ್ ಮೊದಲ ದಿನವೇ ಕೆರೆಗೆ ಕರೆದೊಯ್ದ. ಗೋಲಿನಲ್ಲಿ ನಿಲ್ಲಿಸಿ, ಸುಸ್ತಾಗುವ ತನಕ ಒಬ್ಬರಾದ ಮೇಲೊಬ್ಬರಿಂದ ಹೊಡೆಸಿದ. ಸುಸ್ತಾದದ್ದು ಹೊಡೆಯುವವರಿಗೆ. ಕಾಂಗ್ಡಾದವನು ತಾನೇ ಬಂದು ಪ್ಯಾಡಿನ ಪಟ್ಟಿ ಬಿಗಿದುಕೊಟ್ಟ. ಗೋಲು ನನ್ನದಾಗಿಯೇ ಉಳಿಯಿತು.

ದೊಡ್ಡ ಪಂದ್ಯ. ಶುರುವಿನಲ್ಲೇ ಒಂದು ಪಕ್ ಬಿಸಿಲಿನ ಕಡೆಯಿಂದ ಬಂದು ನನ್ನ ಭುಜದ ಮೇಲೆ ಹಾದು ಒಳಗೆ ಹೋಯಿತು. ನೋಡಲೇ ಇಲ್ಲ. ಅದಾದ ಮೇಲೆ ಒಂದೂ ಬಿಡಲಿಲ್ಲ. ಕೊನೆಯ ಹೊತ್ತಿನಲ್ಲಿ ಅವರು ಸಾಲುಸಾಲಾಗಿ ನುಗ್ಗಿದರು. ಈ ಕಂಬ, ಆ ಕಂಬ, ಮಂಡಿ, ಏಳು. ತೊಡೆ ಉರಿಯಿತು. ಉರಿಯಲಿ ಎಂದೆ. ನೆಟ್ಟಗೆ ನಿಲ್ಲಲಿಲ್ಲ. ಸೀಟಿ ಊದಿದ ಮೇಲೂ ಅರ್ಧ ಕೂತೇ ಇದ್ದೆ.

ಆ ಒಂದು ಗೋಲಿನಿಂದ ಸೋತೆವು. ನಮ್ಮವರು ಒಂದೂ ಹೊಡೆಯಲಿಲ್ಲ, ಅದಕ್ಕೆ ನಾನೇನು ಮಾಡಲಿ? ಹವಾಲ್ದಾರ್ ಹತ್ತಿರ ಬಂದು ನನ್ನ ತೊಡೆಗೊಂದು ಗುದ್ದಿ, "ಕಾಲು ಸರಿಹೋಯಿತು. ಈಗ ಕಣ್ಣು ನೋಡಿಕೋ," ಎಂದ. ನನಗೆ ನಗು ತಡೆಯಲಾಗಲಿಲ್ಲ.

ಮುಂದಿನ ರಜೆಗೆ ಬಂದಾಗ ಯಜಮಾನ ಮಲ್ಲಪ್ಪನವರು ದಾರಿಯಲ್ಲೇ ಸಿಕ್ಕಿದರು. ಪಂದ್ಯ ಏನಾಯಿತು ಎಂದರು. ಸೋತೆವು ಎಂದೆ. ಅವರು ನಿಜವಾಗಿಯೂ ನೊಂದುಕೊಂಡರು. ನನ್ನ ಕೈ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

"ನನ್ ಮಾತು ಕೇಳಿ ಅರಕೆ ಅಂದಿದ್ರ ಗೆಲ್ತಿದ್ದೆ ಕಣ್ಲಾ."

"ಗೆದ್ದಿದ್ರ ಮಾದಪ್ಪ ಗೆದ್ದ ಅಂತಿದ್ರಿ ಯಜಮಾನ್ರೆ," ಎಂದೆ. "ಈಗ ಸೋತಿರೋದಾದ್ರೂ ನಾನೇ ಅಲ್ವಾ?"